ಯೂರಿಯಾ ನೀರಿಲ್ಲದೆ ನಿಂತ ಶವದ ಗಾಡಿ

ಆಥಲ್ ಪ್ರಿಂಗಲ್ ಸತ್ತದ್ದು ಟಿವಿಯ ಮುಂದೆ, ಬ್ರಿಸ್ಬೇನಿನ ಟೆಸ್ಟ್ ಪಂದ್ಯ ನೋಡುತ್ತ. ಇಂಗ್ಲೆಂಡಿನವರು ಒಬ್ಬೊಬ್ಬರಾಗಿ ಔಟಾಗುತ್ತಿದ್ದರು. ಆದ್ದರಿಂದ ಅವನು ಸಂತೋಷವಾಗಿಯೇ ಹೋದನೆಂದು ನಮ್ಮೂರಿನವರೆಲ್ಲ ಒಪ್ಪಿಕೊಂಡರು. ಹೃದಯ ನಿಂತಿತು ಎಂದರು ಡಾಕ್ಟರು. ಶ್ವಾಸಕೋಶ ಹೇಗಿತ್ತು ಎಂದು ಅವನ ಹೆಂಡತಿಯ ತಮ್ಮ ಲಿಂಡ್ಸೆ ಟ್ರಾಂಟರ್ ಎರಡು ಸಲ ಕೇಳಿದ. ಶ್ವಾಸಕೋಶಕ್ಕೇನೂ ಆಗಿರಲಿಲ್ಲ. ಲಿಂಡ್ಸೆಗೆ ದುಃಖದ ಜೊತೆ ಸ್ವಲ್ಪ ನಿರಾಸೆಯೂ ಆಯಿತೆಂದು ನನ್ನ ಅನುಮಾನ.

ಅದಕ್ಕೆ ಕಾರಣವಿತ್ತು. ಭಾವ, ಭಾವಮೈದುನ ಇಬ್ಬರೂ ಕುರಿ ಸಾಗಿಸುವ ಲಾರಿಯವರು. ಆಥಲ್‌ನದು ಹೊಗೆಯ ಕಾನೂನುಗಳು ಹುಟ್ಟುವ ಮುಂಚೆಯೇ ಹುಟ್ಟಿದ ಲಾರಿ. ದೂರದ ಏರಿನಲ್ಲಿ ಕಪ್ಪು ಹೊಗೆ ಕಂಡರೆ ಸಾಕು, ಪಬ್ಬಿನಲ್ಲಿ ಅವನ ಗ್ಲಾಸು ತುಂಬಿಸಿಡುತ್ತಿದ್ದೆವು. ಲಿಂಡ್ಸೆ ಹಿಂದಿನ ವರ್ಷ ಹೊಸದು ಕೊಂಡಿದ್ದ. ಅದಕ್ಕೆ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕು, ಅದರಲ್ಲಿ ಯೂರಿಯಾ ಕರಗಿಸಿದ ಶುದ್ಧ ನೀರು. ಹೊಗೆಯ ಕೊಳವೆಯೊಳಗೆ ಆ ನೀರು ತಾನಾಗಿಯೇ ಸಿಂಪಡಿಸಿಕೊಂಡು, ವಿಷದ ಗಾಳಿ ಸಾಧುವಾಗಿ ಹೊರಗೆ ಬರುತ್ತದೆ. ನೀರು ಮುಗಿದರೆ ಇಂಜಿನ್ನು ಮುಷ್ಕರ ಹೂಡುತ್ತದೆ.

"ಏನೋ ಲಿಂಡ್ಸೆ, ಗಾಡಿಗೆ ಗಂಜಲ ಕುಡಿಸಿದ್ಯಾ?" ಎಂದು ಆಥಲ್ ಪ್ರತಿ ಶುಕ್ರವಾರ ಪಬ್ಬಿನಲ್ಲಿ ಕೇಳುತ್ತಿದ್ದ.

"ಕುಡಿಸಿದೆ. ನಿನ್ನ ಲಾರಿ ಹಿಂದೆ ಬಂದೋರು ಎಷ್ಟು ಜನ ಬದುಕಿದಾರೆ?"

"ಹಿಂದೆ ಯಾಕೆ ಬರ್ತೀರಿ? ಮುಂದೆ ಹೋಗಿ."

"ಮುಂದೆ ಹೋಗೋಕೆ ರಸ್ತೆ ಕಾಣಿಸಬೇಕಲ್ಲಯ್ಯ."

ಆ ವರ್ಷದ ಡಿಸೆಂಬರಿನಲ್ಲಿ ಚೀನಾದಿಂದ ಯೂರಿಯಾ ಬರುವುದು ನಿಂತುಹೋಯಿತು. ದೇಶದ ಲಾರಿಗಳೆಲ್ಲ ನಿಂತೇಬಿಡುತ್ತವೆ, ಕ್ರಿಸ್ಮಸ್ಸಿಗೆ ಹಾಲೂ ಸಿಗುವುದಿಲ್ಲ ಎಂದು ರೇಡಿಯೋದವರು ಹೆದರಿಸಿದರು. ಲಿಂಡ್ಸೆ ಹತ್ತಿರದ ಪೇಟೆ ಡಬ್ಬೋಗೆ ಹೋಗಿ ಸರದಿಯಲ್ಲಿ ನಿಂತು ಒಂದು ಕ್ಯಾನ್ ಯೂರಿಯಾ ನೀರು ತಂದು, ಬಚ್ಚಲುಮನೆಯಲ್ಲಿಟ್ಟು ಬೀಗ ಹಾಕಿದ. ಅವನ ಹೆಂಡತಿ ಸ್ನಾನಕ್ಕೂ ಅವನ ಹತ್ತಿರ ಬೀಗದ ಕೈ ಕೇಳಬೇಕಾಯಿತು. ಈ ಸುದ್ದಿ ಕೇಳಿ ಆಥಲ್ ಒಂದು ವಾರ ನಕ್ಕ. ಅದೇ ಅವನ ಕೊನೆಯ ವಾರ.

ಶವಪೆಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ. ಅವನ ಲಾರಿಯನ್ನು ನಾವೇ ತೊಳೆದು, ಗೌರವಕ್ಕೆಂದು ಚರ್ಚಿನ ಮುಂದೆ ತಂದು ನಿಲ್ಲಿಸಿದ್ದೆವು. ಶವದ ಗಾಡಿ ಡಬ್ಬೋದಿಂದ ಬಂದಿತ್ತು. ಉದ್ದನೆಯ ಹೊಸ ಗಾಡಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಓಡಿಸುತ್ತಿದ್ದವಳು ಟೀಗನ್ ಎಂಬ ಹುಡುಗಿ. ಪ್ರಾರ್ಥನೆ ನಡೆಯುವಾಗ ಅವಳು ಒಳಗಿನ ತಂಪು ಉಳಿಯಲೆಂದು ಇಂಜಿನ್ನು ಓಡುವಂತೆಯೇ ಬಿಟ್ಟು ಹೊರಗೆ ನಿಂತಿದ್ದಳು. ಫಾದರ್ ಡೊನೆಲಿ ಬಾಗಿಲಿನಿಂದ ಇಣುಕಿ, ಸತ್ತವರ ಬಗ್ಗೆ ಸ್ವಲ್ಪ ಮರ್ಯಾದೆ ಇರಲಿ, ಆರಿಸಮ್ಮ ಎಂದರು. ಆರಿಸಿದಳು.

ನಾವು ಪೆಟ್ಟಿಗೆ ತಂದು ಒಳಗಿಟ್ಟೆವು, ಹೂವು ಜೋಡಿಸಿದೆವು. ಟೀಗನ್ ಸೀಟಿನಲ್ಲಿ ಕೂತು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಆಮೇಲೆ ಇಳಿದು ಬಂದು, ಆಥಲ್‌ನ ಹೆಂಡತಿ ನೋರೀನ್ ಮುಂದೆ ತಲೆ ತಗ್ಗಿಸಿ ನಿಂತಳು.

"ಮಿಸೆಸ್ ಪ್ರಿಂಗಲ್, ತುಂಬಾ ಬೇಜಾರಾಗ್ತಿದೆ ಹೇಳೋಕೆ. ಯೂರಿಯಾ ನೀರು ಖಾಲಿಯಾಗಿದೆ. ದಾರಿಯಲ್ಲೇ ಎಚ್ಚರಿಕೆ ತೋರಿಸ್ತಾ ಇತ್ತು. ಆರಿಸದೇ ಇದ್ದಿದ್ರೆ ನಡೀತಿತ್ತು. ಈಗ ನೀರು ಹಾಕೋ ತನಕ ಸ್ಟಾರ್ಟೇ ಆಗಲ್ಲ."

ಹಿಂದೆ ನಿಂತವರಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಕೆಮ್ಮು ಒಬ್ಬರಿಂದ ಒಬ್ಬರಿಗೆ ಅಂಟಿತು.

"ಗಂಜಲ ಹಾಕಿದ ಗಾಡೀಲಿ ಹೋಗಲ್ಲ ಅಂತ ಹಟ ಮಾಡ್ತಿದಾನೆ ನೋಡಿ," ಎಂದೆ ನಾನು. ಸ್ಮಶಾನ ರೈಲು ಹಳಿಯ ಆಚೆ, ಹೊತ್ತುಕೊಂಡು ಹೋಗುವಷ್ಟು ಹತ್ತಿರವಲ್ಲ. "ನೋರೀನ್, ಅವನ ಲಾರಿ ಇಲ್ಲೇ ಇದೆಯಲ್ಲ. ಅದರ ಮೇಲೇ ಇಡೋಣ. ಅವನಿಗೂ ಅದೇ ಇಷ್ಟ."

ಎಲ್ಲರಿಗೂ ಈ ಮಾತು ಹಿಡಿಸಿತು. ಇಬ್ಬರು ಆಗಲೇ ಹಗ್ಗ ತರಲು ಹೊರಟರು. ಫಾದರ್ ಡೊನೆಲಿಯೂ ತಲೆಯಾಡಿಸಿದರು.

"ಬೇಡ," ಎಂದಳು ನೋರೀನ್.

ಹಗ್ಗದವರು ನಿಂತರು.

"ಬಟ್ಟೆ ಒಣಹಾಕೋ ತಂತಿ ಪಕ್ಕದಲ್ಲೇ ನಿಲ್ಲಿಸ್ತಿದ್ದ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡಿ, ಬಿಸಿಯಾಗಲಿ ಅಂತ ಬಿಟ್ಟು, ಒಳಗೆ ಬಂದು ಟೀ ಕುಡೀತಿದ್ದ. ಮದುವೆಯಾದಾಗಿನಿಂದ ಪ್ರತಿ ಹಾಸಿಗೆ ಬಟ್ಟೇನೂ ಎರಡು ಸಲ ಒಗೆದಿದ್ದೀನಿ. ಇವತ್ತು ಒಂದು ದಿನ ನನ್ನ ಮಾತು ಕೇಳಿ ಚೊಕ್ಕಟವಾಗಿ ಹೋಗ್ಲಿ." ಅವಳು ತಮ್ಮನ ಕಡೆ ತಿರುಗಿದಳು. "ಲಿಂಡ್ಸೆ, ಬಚ್ಚಲಲ್ಲಿ ಇಟ್ಟಿದ್ದೀಯಲ್ಲ, ಅದನ್ನ ತಗೊಂಡು ಬಾ."

ಲಿಂಡ್ಸೆ ಮುಖ ಸಣ್ಣದಾಯಿತು. "ಸೋಮವಾರ ನನಗೆ ಕುರಿಮರಿ ಲೋಡು ಇದೆ, ನೋರೀನ್. ನನ್ನ ಟ್ಯಾಂಕೂ ತಳ ಕಾಣ್ತಿದೆ."

"ಸೋಮವಾರದ ತನಕ ಇವನನ್ನ ಇಡೋಕಾಗಲ್ಲ. ಬಿಸಿಲು ನೋಡು."

ಲಿಂಡ್ಸೆ ಬಿಸಿಲು ನೋಡಿದ. ಹೋಗಿ ಕ್ಯಾನು ತಂದ. ಮದುವೆಗೆಂದು ಹೊಲಿಸಿದ್ದ ಸೂಟು ಬಿಗಿಯಾಗಿತ್ತು. ಬಗ್ಗಿದಾಗ ಹೊಲಿಗೆ ಎಲ್ಲೋ ಪಿಸುಗುಟ್ಟಿತು. ನಾನು ಲಾಳಿಕೆ ಹಿಡಿದೆ. ಭಾವನ ಪೆಟ್ಟಿಗೆ ಗಾಜಿನ ಆಚೆ, ಲಿಂಡ್ಸೆಯ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಒಂದು ವರ್ಷದ ಶುಕ್ರವಾರಗಳಿಗೆಲ್ಲ ಸೇರಿಸಿ ಈಗ ಒಂದು ಉತ್ತರ ಕೊಡುತ್ತಾನೆಂದು ನಾವೆಲ್ಲ ಕಾದೆವು. ಅವನೂ ಬಾಯಿ ತೆರೆದ. ಮತ್ತೆ ಮುಚ್ಚಿದ.

"ಅಲುಗಿಸಬೇಡ್ವೋ, ಚೆಲ್ಲುತ್ತೆ," ಎಂದ ನನಗೆ. ಅಷ್ಟೇ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕ್ಯಾನು ಪೂರ್ತಿ ಸುರಿದರೂ ಗಾಡಿಯ ಕಂಪ್ಯೂಟರಿಗೆ ತಕ್ಷಣ ನಂಬಿಕೆ ಬರಲಿಲ್ಲ. ದಯವಿಟ್ಟು ಕಾಯಿರಿ ಎಂದು ತೋರಿಸಿತು. ಸುಮ್ಮನೆ ನಿಲ್ಲುವುದೇಕೆಂದು ಫಾದರ್ ಡೊನೆಲಿ ಪ್ರಯಾಣಿಕರಿಗಾಗಿ ಇರುವ ಪ್ರಾರ್ಥನೆ ಹೇಳಿದರು. ಆಮೆನ್ ಎನ್ನುವಷ್ಟರಲ್ಲಿ ಇಂಜಿನ್ನು ಸ್ಟಾರ್ಟಾಯಿತು. ಹೊಗೆ ಇಲ್ಲ, ಸದ್ದೂ ಇಲ್ಲ. ಗಾಡಿ ಹೊರಟದ್ದೇ ಅರ್ಧ ಜನಕ್ಕೆ ಗೊತ್ತಾಗಲಿಲ್ಲ, ಆಮೇಲೆ ಓಡಿಹೋಗಿ ಕಾರು ಹತ್ತಿದರು.

ಸೋಮವಾರ ಬೆಳಿಗ್ಗೆ ಲಿಂಡ್ಸೆ ನೋರೀನ್ ಮನೆಯ ಜಗಲಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹೊಸ ಲಾರಿ ಹಿಂದಿನ ದಿನ ಅವನ ಅಂಗಳದಲ್ಲೇ ಮುಷ್ಕರ ಹೂಡಿತ್ತು. ಕುರಿಮರಿಗಳು ದೊಡ್ಡಿಯಲ್ಲಿ ಅರಚುತ್ತಿದ್ದವು.

"ಒಂದೇ ಟ್ರಿಪ್ಪು ಕಣೆ, ನೋರೀನ್."

"ಕೀ ಕೊಡ್ತೀನಿ. ಇಲ್ಲಿ ಮಾತ್ರ ಸ್ಟಾರ್ಟ್ ಮಾಡಬೇಡ. ಹಾಸಿಗೆ ಬಟ್ಟೆ ಒಣಹಾಕಿದ್ದೀನಿ."

ಹಾಗಾಗಿ ನಾವು ಆರು ಜನ, ಶನಿವಾರ ಆಥಲ್‌ನನ್ನು ಹೊತ್ತವರೇ, ಅವನ ಲಾರಿಯನ್ನು ಗೇಟಿನಾಚೆಗೆ ನೂಕಿದೆವು. ಆಥಲ್ ಹಗುರವಾಗಿದ್ದ. ರಸ್ತೆಯ ಇಳಿಜಾರಿಗೆ ಬಂದಮೇಲೆ ಲಿಂಡ್ಸೆ ಕೀ ತಿರುಗಿಸಿದ. ಎದ್ದ ಹೊಗೆಯಲ್ಲಿ ಸ್ವಲ್ಪ ಹೊತ್ತು ನಮಗೆ ನಾವೇ ಕಾಣಲಿಲ್ಲ.

ಡಬ್ಬೋದ ಕುರಿ ಸಂತೆಯಲ್ಲಿ ಆ ದಿನ ಅರ್ಧಕ್ಕರ್ಧ ಲಾರಿಗಳು ಬಂದಿರಲಿಲ್ಲ. ಮರಿಗಳಿಗೆ ಒಳ್ಳೆಯ ಬೆಲೆ ಸಿಕ್ಕಿತು. ಹೊಸ ಲಾರಿಯ ಚಾಲಕರು ಬಂದು ಆಥಲ್‌ನ ಲಾರಿಯನ್ನು ಸುತ್ತುಹಾಕಿ, ಟೈರು ಒದ್ದು ನೋಡಿ, ಮಾರುತ್ತೀಯಾ ಎಂದು ಕೇಳಿದರು. ಲಿಂಡ್ಸೆ ಅದರ ಗುಣಗಳನ್ನು ಒಂದೊಂದಾಗಿ ವಿವರಿಸಿದನಂತೆ. ಎಷ್ಟು ಚೆನ್ನಾಗಿ ವಿವರಿಸಿದನೆಂದರೆ ಕೋಬಾರ್ ಕಡೆಯ ಒಬ್ಬ ಮಾರನೆಯ ವಾರವೇ ಬಂದು ಕೊಂಡುಹೋದ. ನೋರೀನ್ ಗೇಟು ಹಾಕಿಕೊಂಡು ಒಳಗೆ ಹೋದಳು. ಲಿಂಡ್ಸೆ ಮಾತ್ರ ಹೊಗೆ ಕರಗುವ ತನಕ ರಸ್ತೆಯಲ್ಲೇ ನಿಂತಿದ್ದ.

ಹೊಸ ವರ್ಷದಲ್ಲಿ ಸರ್ಕಾರದವರು ಎಲ್ಲಿಂದಲೋ ಯೂರಿಯಾ ಹೊಂದಿಸಿದರು. ಲಿಂಡ್ಸೆಯ ಹೊಸ ಲಾರಿ ಮತ್ತೆ ರಸ್ತೆಗಿಳಿದಿದೆ. ಅದರ ನೀಲಿ ಮುಚ್ಚಳದ ಬಗ್ಗೆ ಊರಿನಲ್ಲಿ ಈಗ ಯಾರೂ ಒಂದು ಮಾತೂ ಆಡುವುದಿಲ್ಲ. ಶುಕ್ರವಾರ ಪಬ್ಬಿಗೆ ಬಂದು ಅವನು ನನ್ನ ಪಕ್ಕದಲ್ಲಿ ಕೂರುತ್ತಾನೆ. ಕ್ರಿಕೆಟ್ಟು, ಮಳೆ, ಕುರಿಗೆ ಹಾಕುವ ಔಷಧಿ, ಏನಾದರೊಂದು ತೆಗೆದು ನನ್ನನ್ನು ಕೆಣಕುತ್ತಾನೆ. ನಾನೂ ಕೈಲಾದಷ್ಟು ಎದುರು ಹೇಳುತ್ತೇನೆ. ಆದರೆ ಎರಡನೇ ಗ್ಲಾಸಿಗೆಲ್ಲ ಅವನು ಹೇಳಿದ್ದು ಸರಿಯೆಂದೇ ನನಗೆ ಅನ್ನಿಸಿಬಿಡುತ್ತದೆ, ಹಾಗೆಂದು ಹೇಳಿಯೂ ಬಿಡುತ್ತೇನೆ. ಆಗ ಅವನು ಬೇಸರದಿಂದ ಎದ್ದು ಮನೆಗೆ ಹೋಗುತ್ತಾನೆ.