ತಣ್ಣನೆಯ ಪ್ರವಾಹ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಾಠ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಶಾಲೆಯಲ್ಲಿಲ್ಲ. ಜಂಬ ಎಂದರೆ ಜಂಬವೇ ಅನ್ನಿ. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನನ್ನ ಅರ್ಧ ತಲೆ ನರೆತಿದೆ, ಇನ್ನರ್ಧ ನರೆತದ್ದು ನನ್ನ ನಾದಿನಿಯಿಂದ. ಅವಳು ಅದೇ ಶಾಲೆಯ ಭೂಗೋಳದ ಮೇಡಂ, ಅದೇ ಮನೆಯ ಪಕ್ಕದ ಕೋಣೆಯವಳು. ಸಮುದ್ರದ ಪಾಠ ವಿಜ್ಞಾನಕ್ಕೆ ಸೇರಿದ್ದೋ ಭೂಗೋಳಕ್ಕೋ ಎಂಬ ಜಗಳ ಸ್ಟಾಫ್ ರೂಮಿನಲ್ಲಿ ಶುರುವಾಗಿ ಊಟದ ತಟ್ಟೆಯವರೆಗೂ ಬರುತ್ತಿತ್ತು. ಅತ್ತೆಯದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಇಬ್ಬರೂ ಸಮುದ್ರಕ್ಕೇ ಹೋಗಿಬಿಡಿ, ಮನೆ ತಣ್ಣಗಿರುತ್ತೆ ಎನ್ನುತ್ತಿದ್ದರು.

ಅತ್ತೆಯ ಮಾತೇ ನಡೆಯಿತು. ಶಾಲಾ ಶಿಕ್ಷಕರಿಗೆ ಸಮುದ್ರ ವಿಜ್ಞಾನದ ತರಬೇತಿ ಎಂದು ಸುತ್ತೋಲೆ ಬಂತು. ಜಗಳ ತಮ್ಮ ಕೋಣೆಗೂ ಬಂದೀತೆಂದು ಹೆದರಿದ ಹೆಡ್‌ಮಾಸ್ತರರು ನಮ್ಮಿಬ್ಬರ ಹೆಸರನ್ನೂ ಕಳಿಸಿ ಕೈ ತೊಳೆದುಕೊಂಡರು.

ತರಬೇತಿ ನಡೆದದ್ದು ಕಡಲ ದಂಡೆಯ ಸಂಶೋಧನಾ ಕೇಂದ್ರದಲ್ಲಿ. ಉದ್ದನೆಯ ಸ್ಟೀಲ್ ಮೇಜುಗಳು, ಒಣಗದ ನೆಲ, ಗೋಡೆಗೆ ಒರಗಿಸಿಟ್ಟ ರಬ್ಬರ್ ಬೂಟುಗಳು, ಎಲ್ಲಕ್ಕೂ ಮೀನಿನ ವಾಸನೆ. ಕಿಟಕಿಯಾಚೆ ದಕ್ಕೆಗೆ ಕಟ್ಟಿದ ಬೋಟು. ನಮಗೆ ಕಲಿಸುವವರು ಅಲ್ಲಿನ ವಿಜ್ಞಾನಿ, ತೋಳು ಮಡಚಿದ ಶರ್ಟಿನ ನೇರ ಮಾತಿನ ಹೆಂಗಸು. ಕೊನೆಯ ದಿನ ಬೋಟು ಆಳ ಕಡಲಿಗೆ ಹೋಗಿ ತಳದ ನೀರನ್ನು ಮೇಲೆತ್ತುತ್ತದೆ, ಆದರೆ ಒಂದು ಶಾಲೆಗೆ ಒಂದೇ ಸೀಟು ಎಂದರು. ಅದರ ಹಿಂದಿನ ದಿನ ರಸ್ತೆಯಾಚೆಯ ಶಾಲೆಯ ಮಕ್ಕಳಿಗೆ ನಾವೆಲ್ಲ ಸಾಗರ ಪ್ರವಾಹಗಳ ಪಾಠ ಮಾಡಬೇಕು, ಚೆನ್ನಾಗಿ ಮಾಡಿದವರಿಗೆ ಸೀಟು. ಷರತ್ತು ಎರಡು. ಉತ್ತರ ಮಕ್ಕಳ ಬಾಯಿಂದಲೇ ಬರಬೇಕು, ಕೊನೆಗೆ ಪಠ್ಯದ ಪದ ಬೋರ್ಡಿನ ಮೇಲಿರಬೇಕು.

ನನಗೆ ಆ ಬೋಟು ಬೇಕೇಬೇಕಿತ್ತು. ಇಷ್ಟು ವರ್ಷ ಸಮುದ್ರದ ಆಳವನ್ನು ಬೋರ್ಡಿನ ಮೇಲೆ ಗೀಟು ಎಳೆದು ತೋರಿಸಿದವಳು ನಾನು. ಮೊಣಕಾಲಿಗಿಂತ ಆಳದ ಕಡಲನ್ನು ಕಂಡವಳಲ್ಲ. ನಾದಿನಿ ಮಾತ್ರ ಚಾರ್ಟ್ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ "ಸಾಗರ ಪ್ರವಾಹಗಳು" ಎಂದು ಬರೆದು ಬಣ್ಣ ತುಂಬುತ್ತ ಕೂತಿದ್ದಳು. ಚಾರ್ಟು ನೋಡಿಯೇ, ಇವಳ ಕತೆ ಮುಗಿಯಿತು ಅಂದುಕೊಂಡೆ.

ಮೊದಲ ಪಾಠ ನನ್ನದು. ಗಾಜಿನ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು, ಒಂದು ಮೂಲೆಯಲ್ಲಿ ನೀಲಿ ಶಾಯಿ ಬೆರೆಸಿ ಗಟ್ಟಿಮಾಡಿದ ಮಂಜುಗಡ್ಡೆ. ಗಡ್ಡೆ ಕರಗಿ ನೀಲಿ ನೀರು ಕೆಳಕ್ಕಿಳಿದು ತಳ ಹಿಡಿದು ತೆವಳತೊಡಗಿದಾಗ ಮಕ್ಕಳು ಮೂಗನ್ನು ಗಾಜಿಗೆ ಒತ್ತಿ ನಿಂತರು. ತಣ್ಣೀರು ಭಾರ, ಅದಕ್ಕೇ ಕೆಳಗೆ ಹರಿಯುತ್ತೆ ಎಂದು ಅವರೇ ಹೇಳಿದರು. ಸೀಟು ಕೈಗೆ ಸಿಕ್ಕ ಹಾಗೇ ಇತ್ತು. ಎಲ್ಲರನ್ನೂ ಬೆಂಚಿಗೆ ಕಳಿಸಿ, ಸಮುದ್ರದಲ್ಲಿ ಹೀಗೆ ಹರಿಯುವುದಕ್ಕೆ ಒಂದು ಹೆಸರಿದೆ ಎನ್ನುತ್ತ ಬೋರ್ಡಿನ ತುಂಬ "ಪ್ರವಾಹ" ಎಂದು ಬರೆದೆ.

ಮುಂದಿನ ಬೆಂಚಿನ ಹುಡುಗಿ ಎರಡೂ ಕಾಲನ್ನು ಮೇಲೆತ್ತಿ ಬ್ಯಾಗನ್ನು ಎದೆಗೆ ಅವಚಿಕೊಂಡಳು.

"ಮಹಡಿಗೆ ಯಾವಾಗ ಹೋಗ್ಬೇಕು, ಮಿಸ್?"

ಯಾರೂ ನಗಲಿಲ್ಲ. ಹೋದ ಮಳೆಗಾಲದಲ್ಲಿ ಅವರ ಮನೆಗೆ ಕಿಟಕಿಯ ಮಟ್ಟಕ್ಕೆ ಪ್ರವಾಹ ಬಂದಿತ್ತೆಂದು ಪಕ್ಕದವಳು ಹೇಳಿದಳು.

ಅಯ್ಯೋ, ನನ್ನ ಬುದ್ಧಿಯೇ! ನನಗೆ ಪ್ರವಾಹವೆಂದರೆ ತಂತಿಯಲ್ಲಿ ಹರಿಯುವ ವಿದ್ಯುತ್ತು, ಪುಸ್ತಕದಲ್ಲಿ ಹರಿಯುವ ಸಮುದ್ರ. ಮನೆಯೊಳಗೆ ನುಗ್ಗುವುದೂ ಅದೇ ಪದವೆಂದು ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಹೊಳೆದಿರಲಿಲ್ಲ. ಆ ಪದ ಇಟ್ಟವರ ಮೇಲೆ ಮೈಯೆಲ್ಲ ಉರಿಯಿತು. ಡಸ್ಟರ್ ತೆಗೆದುಕೊಂಡು ಚೆನ್ನಾಗಿ ಒರೆಸಿಹಾಕಿ, ಇದಕ್ಕೆ ಬೇರೆ ಹೆಸರು ನೀವೇ ಇಡಿ ಎಂದೆ. ಸಮುದ್ರದೊಳಗಿನ ಹೊಳೆ ಎಂದಿತು ಹಿಂದಿನ ಬೆಂಚು. ಅದನ್ನೇ ಬರೆದೆ. ಹುಡುಗಿಯ ಕಾಲು ಮಾತ್ರ ಬೆಂಚಿನ ಮೇಲೇ ಇತ್ತು.

ಪಾಠ ಸೊಗಸಾಗಿತ್ತು, ಆದರೆ ಪದವೆಲ್ಲಿ ಎಂದು ವಿಜ್ಞಾನಿ ಕೇಳಿದರು. ಆ ಮಗು ಕಾಲು ಕೆಳಗೆ ಬಿಡುವ ತನಕ ಬರೆಯುವುದಿಲ್ಲ, ಅಂಕ ಕಳೆಯುವುದಿದ್ದರೆ ಕಳೆಯಿರಿ ಎಂದೆ. ಆಗಲೂ ನನಗೆ ಭಯವಿರಲಿಲ್ಲ. ನಾದಿನಿ ಆ ಚಾರ್ಟು ಬಿಚ್ಚಿದರೆ ಹುಡುಗಿ ಬೆಂಚಿನ ಮೇಲೇ ಎದ್ದು ನಿಲ್ಲುತ್ತಾಳೆ, ಸೀಟು ಎಲ್ಲಿಗೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ನಾದಿನಿ ಚಾರ್ಟನ್ನು ಬಿಚ್ಚಲೇ ಇಲ್ಲ. ಸುರುಳಿ ಸುತ್ತಿ ಮೇಜಿನಡಿ ತಳ್ಳಿದಳು. ಸೀದಾ ಹೋಗಿ ಹುಡುಗಿಯ ಪಕ್ಕ ಕೂತು ನಿಮ್ಮ ಮನೆಗೆ ಬಂದ ನೀರು ಹೇಗಿತ್ತು ಎಂದು ವಿಚಾರಿಸಿದಳು. ನಾನಾಗಿದ್ದರೆ ಆ ಸುದ್ದಿಗೇ ಹೋಗುತ್ತಿರಲಿಲ್ಲ. ಹುಡುಗಿ ಮೆಲ್ಲಗೆ ಶುರುಮಾಡಿದಳು: ನದಿ ದಡ ಮೀರಿ ಬಂತು, ಕೆಸರು ಬಿಟ್ಟು ಹೋಯಿತು, ಅವಳ ಚಪ್ಪಲಿಯನ್ನೂ ಒಯ್ದಿತು. ಹಾಗಾದರೆ ತೊಟ್ಟಿಯ ನೀಲಿ ನೀರು ಏನು ಮಾಡುತ್ತಿದೆ ಎಂದು ನಾದಿನಿ ಕೇಳಿದಳು. ಹುಡುಗಿ ಎದ್ದು ಹೋಗಿ ಬಗ್ಗಿ ನೋಡಿದಳು. ಅದು ತನ್ನ ದಾರಿಯಲ್ಲೇ ಹೋಗ್ತಿದೆ, ಆಚೆ ಬರೋದಿಲ್ಲ ಎಂದಳು.

"ಪುಸ್ತಕದಲ್ಲಿ ಇದಕ್ಕೂ ಅದೇ ಹೆಸರು ಇಟ್ಟಿದ್ದಾರೆ ಪುಟ್ಟ. ಬೋರ್ಡ್ ಮೇಲೆ ಬರೀಲಾ, ಬೇಡ್ವಾ? ನೀನು ಹೇಳಿದ ಹಾಗೆ."

ಹುಡುಗಿ ತೊಟ್ಟಿಯತ್ತ ಇನ್ನೊಮ್ಮೆ ಬಗ್ಗಿ ನೋಡಿದಳು.

"ಚಿಕ್ಕದಾಗಿ ಬರೀರಿ."

ನಾದಿನಿ ಬೋರ್ಡಿನ ಮೂಲೆಯಲ್ಲಿ ಚಿಕ್ಕದಾಗಿ ಬರೆದಳು. ನನಗೆ ಹೊಟ್ಟೆಯೂ ಉರಿಯಿತು, ಕಣ್ಣೂ ತುಂಬಿತು. ನಾನು ಮಗುವಿನ ಪರವಾಗಿ ಪದದ ಜೊತೆ ಜಗಳಕ್ಕೆ ನಿಂತಿದ್ದೆ, ಮಗುವನ್ನು ಒಂದು ಮಾತೂ ಕೇಳಿರಲಿಲ್ಲ. ವಿಜ್ಞಾನಿ ಬಾಯಿ ತೆರೆಯುವ ಮೊದಲೇ ಎದ್ದು ನಿಂತೆ. "ಮೇಡಂ, ಸೀಟು ಅವಳದು. ಕೂಡಿ ಕಳೆಯೋದೇನೂ ಬೇಡ." ಪಾಠ ಮಾಡುವುದಷ್ಟೇ ಅಲ್ಲ, ಒಳ್ಳೆಯ ಪಾಠ ಕಂಡರೆ ಗುರುತು ಹಿಡಿಯುವುದೂ ನನಗೆ ಬರುತ್ತದೆ.

ಬೆಳಿಗ್ಗೆ ಅವಳ ಕೈಗೆ ನನ್ನ ಫ್ಲಾಸ್ಕಿನಲ್ಲಿ ಟೀ ತುಂಬಿಕೊಟ್ಟು, ವಾಂತಿ ಬಂದರೆ ಗಾಳಿಗೆ ಎದುರಾಗಿ ನಿಲ್ಲಬೇಡ ಎಂದು ಹೇಳಿ ಕಳಿಸಿದೆ. ಬೋಟು ಹೊರಟಾಗ ಮಾತ್ರ ನೋಡಲಾಗಲಿಲ್ಲ. ಒಳಗೆ ಬಂದು, ಬೇಡದಿದ್ದರೂ ತೊಟ್ಟಿಗಳನ್ನೆಲ್ಲ ತಿಕ್ಕಿ ತೊಳೆದೆ.

ಉರಿಬಿಸಿಲಲ್ಲಿ ಬೋಟು ವಾಪಸು ಬಂತು. ನಾದಿನಿಯ ಮುಖ ಪೂರ್ತಿ ಬಿಳಿಚಿಕೊಂಡಿತ್ತು. ಟೀಯೆಲ್ಲ ಮೀನುಗಳ ಪಾಲಾಯಿತಂತೆ. ಫ್ಲಾಸ್ಕನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು.

"ತಳದಿಂದ ಎತ್ತಿದ ನೀರು ಅತ್ತಿಗೆ. ಬಿಸಿಲಿಗೆ ಕಾಯಬಾರ್ದು ಅಂತ ಇದರಲ್ಲೇ ತುಂಬಿಸ್ಕೊಂಡೆ. ಕೈ ಇಟ್ಟು ನೋಡಿ."

ಮುಚ್ಚಳಕ್ಕೆ ಬಗ್ಗಿಸಿ ಬೆರಳು ಅದ್ದಿದೆ. ಬೆರಳು ಮರಗಟ್ಟಿತು. ಇಷ್ಟು ವರ್ಷ ಗೀಟು ಎಳೆದು ತೋರಿಸಿದ್ದು ಇದನ್ನೇ. ಅವಳ ತೋಳು ಹಿಡಿದು ಎಳೆದುಕೊಂಡೇ ರಸ್ತೆ ದಾಟಿ ಆ ಶಾಲೆಗೆ ಹೋದೆ.

ಹುಡುಗಿ ವರಾಂಡದಲ್ಲಿದ್ದಳು. ಮುಚ್ಚಳವನ್ನು ಅವಳ ಮುಂದೆ ಹಿಡಿದೆ. ಒಮ್ಮೆ ಬೆರಳಿಟ್ಟು ಹಿಂದಕ್ಕೆಳೆದುಕೊಂಡಳು, ಮತ್ತೆ ಇಟ್ಟಳು. ಇದೇನು ಹೇಳು ಎಂದಷ್ಟೇ ಕೇಳಿ ಬಾಯಿಗೆ ಬೀಗ ಹಾಕಿಕೊಂಡೆ. ನನಗೆ ಅದು ಸುಲಭದ ಕೆಲಸವಲ್ಲ.

"ತಣ್ಣನೆ ಪ್ರವಾಹ," ಎಂದಳು. ಬೆರಳನ್ನು ತೆಗೆಯಲಿಲ್ಲ. "ಮನೆಗೆ ತಗೊಂಡು ಹೋಗ್ಲಾ, ಮಿಸ್?"

ಫ್ಲಾಸ್ಕ್ ಸಮೇತ ಕೊಟ್ಟೆ.