ಮೊಣಕಾಲು ದಾಟಿದ ಕೋಟು

ಅಪ್ಪನ ಪ್ರಕಾರ ವೈದ್ಯಶಾಸ್ತ್ರವೆಲ್ಲ ನಮ್ಮ ಅಂಗಡಿಯ ಅಳತೆ ಪುಸ್ತಕದಲ್ಲಿತ್ತು. ಎದುರಿನ ಆಸ್ಪತ್ರೆಯ ಬಿಳಿ ಕೋಟುಗಳನ್ನು ಹದಿನೆಂಟು ವರ್ಷದಿಂದ ಹೊಲಿಯುತ್ತಿದ್ದವರು ಅವರೇ. ಮಕ್ಕಳ ಡಾಕ್ಟರಿಗೆ ಜೇಬು ದೊಡ್ಡದು, ಆಟಿಕೆ ಹಿಡಿಸಬೇಕು. ಕಣ್ಣಿನ ಡಾಕ್ಟರಿಗೆ ಟಾರ್ಚು ಇಡಲು ಎದೆಯ ಮೇಲೊಂದು ಕಿರುಜೇಬು. ಮನಸ್ಸಿನ ಡಾಕ್ಟರು ತಮ್ಮ ಕೋಟಿಗೆ ಗುಂಡಿಯೇ ಬೇಡವೆಂದಿದ್ದರು. ಮಾತು ಕೇಳುತ್ತ ಗುಂಡಿ ತಿರುಗಿಸಿ ಕಿತ್ತುಹಾಕುವ ಚಟ ಅವರಿಗೇ ಇತ್ತಂತೆ.

ಇಷ್ಟೆಲ್ಲ ತಿಳಿದ ಅಪ್ಪ ಕೊನೆಗೆ ಹಿಡಿದುಕೊಂಡದ್ದು ಒಂದೇ ಸೂತ್ರ: ಕೋಟು ಉದ್ದವಾದಷ್ಟೂ ಡಾಕ್ಟರು ದೊಡ್ಡವರು. ಕಲಿಯುವ ಹುಡುಗರದು ಸೊಂಟಕ್ಕೆ, ತಜ್ಞರದು ಮೊಣಕಾಲಿಗೆ. ಅರ್ಧ ತೋಳಿನ ಗಿಡ್ಡ ಕೋಟಿನವರನ್ನು ಅಪ್ಪ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಬಟ್ಟೆಯಲ್ಲಿ ಕಂಕುಳ ಹತ್ತಿರ ಒಂದಿಷ್ಟು ಉಳಿಸಿ ಉದ್ದ ಕೋಟಿನವರ ಜೇಬಿನ ಒಳಪದರಕ್ಕೆ ಬಳಸುತ್ತಿದ್ದರು.

ಹಾಗಿರುವಾಗ ಅಪ್ಪನ ಬಲಗೈಗೆ ಜೋಮು ಹಿಡಿಯತೊಡಗಿತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು. ಬೆಳಗ್ಗೆ ಎದ್ದೊಡನೆ ನೀರು ಕೊಡವುವವರ ಹಾಗೆ ಕೈ ಒದರುತ್ತಿದ್ದರು. ಆಮೇಲೆ ಗುರುತಿನ ಸೀಮೆಸುಣ್ಣ ಜಾರಿ ಬೀಳತೊಡಗಿತು. ಒಂದು ದಿನ ಕತ್ತರಿ ಅಡ್ಡ ಹೋಗಿ ಕೋಟಿನ ಬೆನ್ನು ಭುಜದವರೆಗೆ ಹರಿಯಿತು. ನಮ್ಮಲ್ಲಿ ಕತ್ತರಿಸುವ ಕೈ ಅದೊಂದೇ. ಅಮ್ಮ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು, ನಾನು ಮೆಷಿನ್ ತುಳಿಯುತ್ತಿದ್ದೆ. ಆ ಭಾರದ ಕತ್ತರಿಯನ್ನು ಮುಟ್ಟುವುದಕ್ಕೂ ಅಪ್ಪ ಯಾರಿಗೂ ಬಿಟ್ಟವರಲ್ಲ.

"ರೀ, ಮೂಲೆ ಕ್ಲಿನಿಕ್ಕಿನ ಡಾಕ್ಟ್ರಿಗೆ ತೋರ್ಸಿ," ಎಂದಳು ಅಮ್ಮ. "ಅವರು ನೋಡಿ, ಯಾರ ಹತ್ರ ಹೋಗ್ಬೇಕು ಅಂತ ಹೇಳ್ತಾರೆ. ಅದಕ್ಕೇ ಇರೋದು ಅವರು."

"ಅವನ ಕೋಟು ನೋಡಿದೀಯಾ? ರೆಡಿಮೇಡು."

ಅಲ್ಲಿಗೆ ಆ ಡಾಕ್ಟರ ಕತೆ ಮುಗಿಯಿತು.

ಅಪ್ಪ ಪುಸ್ತಕ ತೆಗೆದು ಮೇಲಿಂದ ಶುರುಮಾಡಿದರು. ಎಲ್ಲರಿಗಿಂತ ಉದ್ದದ ಕೋಟು ಆಸ್ಪತ್ರೆಯ ಮುಖ್ಯಸ್ಥರದು, ನಲವತ್ತಾರು ಇಂಚು. ಅವರು ದೊಡ್ಡ ಕೋಣೆಯಲ್ಲಿ ಅಪ್ಪನನ್ನು ಕೂರಿಸಿ, ಕೈ ಮುಟ್ಟದೆಯೇ, ಬಿಸಿನೀರು ಕುಡಿಯಿರಿ, ಚಿಂತೆ ಬಿಡಿ ಎಂದರು. ಅಪ್ಪ ಎರಡು ತಿಂಗಳು ಬಿಸಿನೀರು ಕುಡಿದರು. ಚಿಂತೆಯನ್ನೂ ಬಿಟ್ಟಿದ್ದರು, ಆದರೆ ಅಷ್ಟರಲ್ಲಿ ಸೂಜಿಯೂ ಕೈಬಿಡತೊಡಗಿತು.

ನಂತರ ನಲವತ್ತನಾಲ್ಕು ಇಂಚಿನ ಹೃದಯದ ಡಾಕ್ಟರು. ಅವರು ಎದೆಗೆ ತಂತಿಗಳನ್ನು ಅಂಟಿಸಿ ನೋಡಿ, "ಹೃದಯ ಗಟ್ಟಿಯಾಗಿದೆ. ಕೈಗೆ ನರದ ಡಾಕ್ಟ್ರನ್ನ ನೋಡಿ," ಎಂದರು.

ಅಪ್ಪ ಪುಟ ತಿರುಗಿಸಿದರು. ನರದ ಡಾಕ್ಟರ ಕೋಟು ಮೂವತ್ತಾರು.

"ಎಂಟು ಇಂಚು ಒಂದೇ ಸಲ ಇಳಿಯೋದಾ?"

"ಅಪ್ಪಾ, ಆಯಮ್ಮ ಕುಳ್ಳಗಿದ್ದಾರೆ, ಅದಕ್ಕೇ ಕೋಟು ಗಿಡ್ಡ."

"ನಿನಗೇನು ಗೊತ್ತು ಕೂಸೇ. ದೊಡ್ಡೋರು ಕುಳ್ಳಗಿದ್ರೂ ಉದ್ದ ಹೊಲಿಸ್ತಾರೆ."

ಹೀಗೆ ಕೈಯ ಜೋಮಿಗೆ ನಲವತ್ತಮೂರು ಇಂಚಿನ ಹೊಟ್ಟೆ ಡಾಕ್ಟರನ್ನು ಕಂಡು ಬಂದರು. ಅವರೂ ನರದ ಕಡೆಗೇ ಬೆರಳು ತೋರಿಸಿದರು. ಆಸ್ಪತ್ರೆಯವರೆಲ್ಲ ಒಂದಾಗಿ ತನ್ನನ್ನು ಕೆಳಗೆ ತಳ್ಳುತ್ತಿದ್ದಾರೆಂದು ಅಪ್ಪನಿಗೆ ಸಿಟ್ಟು ಬಂತು. ಮುಂದಿನದು ನಲವತ್ತೆರಡು, ಚರ್ಮದ ಡಾಕ್ಟರದು. ಅಲ್ಲಿಗೆ ಹೊರಡುವ ದಿನವೇ ಅರ್ಧ ತೋಳಿನ ಗಿಡ್ಡ ಕೋಟೊಂದು ಅಂಗಡಿಗೆ ಬಂತು. ಒಳಗೆ ಫಿಸಿಯೋಥೆರಪಿಯ ಹೆಂಗಸಿದ್ದಳು.

"ಮಾಸ್ಟ್ರೇ, ಕಂಕುಳಲ್ಲಿ ಹಿಡಿಯುತ್ತೆ. ರೋಗಿ ಕೈ ಎತ್ಸೋಕೆ ಹೋದ್ರೆ ನನ್ನ ಕೈನೇ ಮೇಲೆ ಹೋಗಲ್ಲ."

ಅಪ್ಪ ಅವಳ ಮುಖ ನೋಡಲಿಲ್ಲ. ಬಟ್ಟೆ ಹಾಗೆ ಬಂದಿತ್ತು ಎಂದು ಗೊಣಗುತ್ತ ಗುಂಡುಸೂಜಿ ಎತ್ತಿಕೊಂಡರು. ಅದು ಬಿತ್ತು. ಇನ್ನೊಂದು ಎತ್ತಿಕೊಂಡರು. ಅದೂ ಬಿತ್ತು. ಅಭ್ಯಾಸಬಲದಿಂದ ಕೈ ಒದರಿದರು.

"ಇನ್ನೊಂದ್ ಸಲ ಒದರಿ," ಎಂದಳು ಅವಳು. ಆಮೇಲೆ ಕೇಳದೆಯೇ ಅಪ್ಪನ ಕೈ ಹಿಡಿದು, ಅಂಗೈಯನ್ನು ಒಳಕ್ಕೆ ಬಗ್ಗಿಸಿ, ಗೋಡೆ ಗಡಿಯಾರ ನೋಡುತ್ತ ನಿಂತಳು. ಒಂದು ನಿಮಿಷ ಆಗುವ ಮೊದಲೇ ಮೂರು ಬೆರಳಿಗೂ ಜೋಮು ಹತ್ತಿತು. ಅಪ್ಪ ಬೆಪ್ಪಾದರು. ಇದುವರೆಗೆ ಅವರ ಕೈಯನ್ನು ಹಿಡಿದು ನೋಡಿದವರೇ ಇರಲಿಲ್ಲ. ಎಲ್ಲರೂ ಅವರವರ ಪಾಲಿನ ಅಂಗವನ್ನಷ್ಟೇ ನೋಡಿದ್ದರು, ಅದನ್ನು ತೋರಿಸಲು ಅವರ ಹತ್ತಿರ ಹೋದವರು ಅಪ್ಪನೇ.

ಅವಳು ಹೆಬ್ಬೆರಳ ಬುಡ ಒತ್ತಿದಳು. ಅಲ್ಲಿನ ಮಾಂಸ ಕರಗಿ ಸಣ್ಣ ಗುಳಿ ಬಿದ್ದಿತ್ತು. "ಮಣಿಕಟ್ಟಿನಲ್ಲಿ ನರ ಒತ್ತಿಹೋಗ್ತಿರೋ ಹಾಗಿದೆ. ಕತ್ತರಿ ಕೆಲಸ ಎಷ್ಟ್ ವರ್ಷದ್ದು?"

"ನೀವು ಯಾವ ಡಾಕ್ಟ್ರು?"

"ಡಾಕ್ಟ್ರಲ್ಲ ಮಾಸ್ಟ್ರೇ. ಖಚಿತ ಮಾಡ್ಬೇಕಾದ್ದು ನರದ ಡಾಕ್ಟ್ರು. ಇಷ್ಟ್ ದಿನ ಯಾರಿಗೂ ತೋರ್ಸಿಲ್ವಾ?"

ಅಪ್ಪ ಬೆನ್ನು ನೆಟ್ಟಗೆ ಮಾಡಿದರು. "ಮುಖ್ಯಸ್ಥರಿಗೇ ತೋರ್ಸಿದೀನಿ. ಅವರೇ ಬಿಸಿನೀರು ಹೇಳಿದ್ದು."

ಅವಳು ನಗು ತಡೆದುಕೊಂಡಳು. ಗುಳಿ ನೆನಪಾಯಿತೋ ಏನೋ, ನಗು ತಾನೇ ನಿಂತಿತು. "ಅವರು ಆಡಳಿತ ಓದಿದವರು. ಕಟ್ಟಡ, ಹಾಸಿಗೆ, ರಜೆ ಪಟ್ಟಿ ನೋಡ್ಕೊಳ್ತಾರೆ. ಕೋಟು ಫೋಟೋಗೆ ಹಾಕ್ಕೊಳ್ತಾರಷ್ಟೆ."

ಅಮ್ಮ ಕಾಜಾದ ದಾರವನ್ನು ಹಲ್ಲಿನಿಂದ ಕಡಿದಳು.

ಮೂವತ್ತಾರು ಇಂಚಿನ ನರದ ಡಾಕ್ಟರು ಕೈಗೆ ಸಣ್ಣ ಕರೆಂಟು ಹಾಯಿಸಿ ನೋಡಿದರು. ಫಿಸಿಯೋಥೆರಪಿಯವಳು ಹೇಳಿದ್ದೇ ನಿಜವಾಗಿತ್ತು. ತಡವಾಗಿದೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕಾಯುವ ಕಾಲ ದಾಟಿದೆ, ಕೈಯ ಸರ್ಜನ್ ಹತ್ತಿರ ಹೋಗಿ ಎಂದರು.

ಅಪ್ಪ ಅಂಗಡಿಗೆ ಬಂದು ಪುಸ್ತಕವನ್ನು ಎರಡು ಸಲ ಹುಡುಕಿದರು. ಹದಿನೆಂಟು ವರ್ಷದಲ್ಲಿ ಕೈಯ ಸರ್ಜನ್ ಒಂದು ಕೋಟನ್ನೂ ಹೊಲಿಸಿರಲಿಲ್ಲ. ತನಗೆ ಬೇಕಾದ ಡಾಕ್ಟರು ಇಷ್ಟು ದಿನ ಎದುರಿನ ಕಟ್ಟಡದಲ್ಲೇ ಇದ್ದೂ ತನ್ನ ವೈದ್ಯಶಾಸ್ತ್ರದಲ್ಲಿ ಇರಲೇ ಇಲ್ಲ!

ಆಪರೇಷನ್ ದಿನ ಆ ಸರ್ಜನ್ ಬಣ್ಣಗೆಟ್ಟ ಹಸಿರು ಅಂಗಿಯಲ್ಲೇ ಬಂದರು. ಮೇಜಿನ ಮೇಲೆ ಮಲಗಿದ್ದರೂ ಅಪ್ಪನಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ನೀವು ಕೋಟು ಹಾಕಲ್ವಾ?"

"ಇಲ್ಲ. ತೋಳು ಅಡ್ಡ ಬರುತ್ತೆ."

"ಮತ್ತೆ ಡಾಕ್ಟ್ರು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ಬಾಗಿಲ ಮೇಲೆ ಬೋರ್ಡಿದೆ. ಕೆಲವರು ಓದ್ತಾರೆ."

ಎರಡು ಬೆರಳು ಮೊದಲಿನಂತಾದವು. ಹೆಬ್ಬೆರಳಿಗೆ ಸೂಜಿಯ ಚುಚ್ಚು ತಿಳಿಯುತ್ತದೆ, ಆದರೆ ಬಲ ಬರಲಿಲ್ಲ. ಫಿಸಿಯೋಥೆರಪಿಯವಳು ವಾರಕ್ಕೆರಡು ಸಲ ಮೆತ್ತನೆ ಹಿಟ್ಟಿನ ಉಂಡೆ ಹಿಸುಕಿಸುತ್ತಾಳೆ. "ಗುಂಡಿ ಹಾಕ್ತೀರಿ, ಪೆನ್ನು ಹಿಡೀತೀರಿ. ಆ ಕತ್ತರಿ ಮಾತ್ರ ಇನ್ನು ಬೇಡ," ಎಂದಿದ್ದಾಳೆ.

ಕತ್ತರಿ ನನ್ನ ಕೈಗೆ ಬಂದ ದಿನ ಮೇಜಿನ ಮೇಲೆ ಎರಡು ಬಟ್ಟೆ ಇದ್ದವು. ಒಂದು ಗಿಡ್ಡ ಕೋಟಿನವಳದು. ಇನ್ನೊಂದು ಮುಖ್ಯಸ್ಥರದು: ಹೊಸ ಫೋಟೋ ಇದೆಯಂತೆ, ಎರಡು ಇಂಚು ಹೆಚ್ಚು ಉದ್ದ ಬೇಕಂತೆ.

"ಯಾವುದು ಮೊದಲು?" ಎಂದೆ.

ಅಪ್ಪ ಗಿಡ್ಡ ಕೋಟಿನ ಬಟ್ಟೆಯನ್ನು ನನ್ನತ್ತ ತಳ್ಳಿದರು. "ಕಂಕುಳಲ್ಲಿ ಎರಡು ಇಂಚು ಜಾಸ್ತಿ ಬಿಡು."

"ಬಟ್ಟೆ ಸಾಲಲ್ಲ ಅಪ್ಪ."

"ಆ ಉದ್ದದ್ದರಲ್ಲಿ ತೆಗಿ," ಎಂದರು. ಗುರುತು ಹಾಕಲು ಸೀಮೆಸುಣ್ಣ ಎತ್ತಿಕೊಂಡರು. ಅದು ಜಾರಿತು. ನಾನು ಬಟ್ಟೆಯ ಮೇಲೇ ಕಣ್ಣಿಟ್ಟೆ. ಅವರು ಎಡಗೈಯಲ್ಲಿ ಅದನ್ನು ಹೆಕ್ಕಿಕೊಳ್ಳುವವರೆಗೂ.