ಅರ್ಧ ಮಾತ್ರೆ

"ಸೊಂಟ ಇನ್ನೂ ಎರಡಿಂಚು ಒಳಗೆ ಹಿಡೀಬೇಕು," ಎನ್ನುತ್ತಾ ದರ್ಜಿಯ ಹೆಂಡತಿ ಗಂಡನ ಪ್ಯಾಂಟನ್ನು ಹೊಲಿಗೆ ಮೆಷಿನ್ನಿಗೆ ಕೊಟ್ಟಳು.

"ಅತ್ತಿಗೆ, ಹೊರಗೆ ಸ್ಮಶಾನದ ಗಾಡಿ ಬಂದು ನಿಂತಿದೆ. ಈಗ ಯಾರು ನೋಡ್ತಾರೆ ಅದನ್ನ?" ಎಂದ ಮೈದುನ.

"ನಿಮ್ಮಣ್ಣ ನೋಡ್ತಿದ್ರು. ಊರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದು ಕೊಟ್ಟೋರು ದೊಗಳೆ ಪ್ಯಾಂಟಲ್ಲಿ ಹೋಗ್ಬೇಕಾ?"

ಒಳಕೋಣೆಯಲ್ಲಿ ಮಲಗಿಸಿದ್ದ ಮನುಷ್ಯ ಮೂರು ತಿಂಗಳ ಹಿಂದೆ ಹೊಟ್ಟೆ ಮೆಷಿನ್ನಿಗೆ ತಾಗುವಷ್ಟು ದಪ್ಪಗಿದ್ದ. ಈಗ ಕೆನ್ನೆಯೆಲ್ಲ ಗುಳಿ. ಬಂದವರೆಲ್ಲ ಅದನ್ನೇ ಪಿಸುಗುಟ್ಟುತ್ತಿದ್ದರು. ಅವಳಿಗೆ ಅಳು ಬರುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು.

*

ಮಂಡಿ ಸವೆದು ನಡೆಯಲಾಗದವನಿಗೆ ಸಕ್ಕರೆ ಕಾಯಿಲೆಯೂ ಗಂಟುಬಿದ್ದಿತ್ತು. ಹೊಸ ಔಷಧಿಯ ಪರೀಕ್ಷೆಗೆ ಸೇರಿಕೊಂಡು ಮಾತ್ರೆ ಡಬ್ಬಿ ತಂದ ದಿನ ಅವನ ಸಡಗರವೇ ಸಡಗರ.

"ನೋಡೇ, ಕೂತಲ್ಲೇ ಕೂತಿದ್ರೂ ಮೈ ಓಡ್ತಿದೀನಿ ಅಂದ್ಕೊಳ್ಳುತ್ತಂತೆ! ನನ್ನಂಥ ಸೋಮಾರಿಗಳಿಗೆ ಒಳ್ಳೇ ಕಾಲ ಬಂತು."

"ನಂಗೂ ಸಕ್ಕರೆ ಇದೆಯಲ್ರೀ."

ಒಂದು ತುತ್ತನ್ನೂ ಅವಳನ್ನು ಬಿಟ್ಟು ತಿಂದವನಲ್ಲ ಅವನು. "ನಿನ್ನ ಬಿಟ್ಟು ಒಬ್ಬನೇ ಓಡ್ಲಾ?" ಎಂದು ಮಾತ್ರೆಯನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿದ. ಅಂದಿನಿಂದ ದಿನಾ ಅವನಿಗರ್ಧ, ಅವಳಿಗರ್ಧ. ಆಸ್ಪತ್ರೆಯ ಪಟ್ಟಿಯಲ್ಲಿ ಮಾತ್ರ ದಿನಾ ಬರೆದ: ಒಂದು ಮಾತ್ರೆ, ಪೂರ್ತಿ.

*

ಪ್ಯಾಂಟು ತೊಡಿಸಿ ಆದಮೇಲೆ ಔಷಧಿ ಪರೀಕ್ಷೆಯ ನರ್ಸು ಬಂದಳು. ದರ್ಜಿಗೆ ಕೈಮುಗಿದು, ಅವನ ಹೆಂಡತಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಬಳಿಗೆ ಕರೆದಳು.

"ಅಮ್ಮ, ಪೂರ್ತಿ ಮಾತ್ರೆ ಇವರಿಗೆ ಜಾಸ್ತಿ ಆಗಿಬಿಡ್ತು. ನಿದ್ದೆಯಲ್ಲೂ ಎದೆ ಓಡೋದು ನಿಂತೇ ಇಲ್ಲ. ಅದಕ್ಕೇ ನಾಳೆಯಿಂದ ಉಳಿದೋರಿಗೆಲ್ಲ ಅರ್ಧ. ಅರ್ಧದಿಂದ ಏನೂ ಭಯ ಇಲ್ಲ ಅಂದಿದ್ದಾರೆ ಡಾಕ್ಟರು."

ದರ್ಜಿಯ ಹೆಂಡತಿ ಒಳಕೋಣೆಯತ್ತ ನೋಡಿದಳು. ಹೇಳಿದರೆ, ಸತ್ತವನು ಸುಳ್ಳು ಬರೆದನೆಂದು ಜನರೆದುರು ಒಪ್ಪಿಕೊಂಡಂತೆ. ಹೇಳದಿದ್ದರೆ?

"ಉಳಿದೋರು ಎಷ್ಟು ಜನ ಇದ್ದಾರೆ?"

"ನಲವತ್ತು."

"ನಮ್ಮನೆಯವರು ತಗೊಂಡಿದ್ದು ಅರ್ಧಾನೇ ಕಣಮ್ಮ." ಅವಳು ಮೇಜಿನ ಮೇಲಿದ್ದ ಕತ್ತರಿ ತೋರಿಸಿದಳು. "ಇನ್ನರ್ಧ ನಾನು ತಗೋತಿದ್ದೆ."

ದರ್ಜಿಯ ಹೆಂಡತಿ ತಾನಾಗಿಯೇ ಕೈ ಚಾಚಿದಳು. ನರ್ಸು ನಾಡಿ ಹಿಡಿದು, ಗಡಿಯಾರ ನೋಡುತ್ತಾ ಎಣಿಸತೊಡಗಿದಳು. ನಡುವೆ ಲೆಕ್ಕ ತಪ್ಪಿತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೊದಲಿನಿಂದ ಎಣಿಸಿದಳು. ಎಷ್ಟು ಬೇಗಬೇಗ ತುಟಿ ಆಡಿಸಿದರೂ ನಾಡಿಯ ಓಟಕ್ಕೆ ಸಾಲುತ್ತಿರಲಿಲ್ಲ.

"ಅತ್ತಿಗೆ, ಹೊರಡೋಣ್ವಾ?" ಬಾಗಿಲಿಂದ ಮೈದುನ ಕೂಗಿದ.

ನರ್ಸು ಕೈ ಬಿಡಲಿಲ್ಲ.